ಎಂಟು ಗಂಟೆಯ ಬೋಟಿನಲ್ಲಿ ಗಾಳ ನೀರಲ್ಲಿರುವುದು ಎಷ್ಟು ಹೊತ್ತು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಂಡ್ಯ. ಜನವರಿ ಕೊನೆಯಲ್ಲಿ ಐದು ಜನ ಅಂಡಮಾನಿಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಬಾಮೈದ ಮತ್ತು ಅಪ್ಪ. ಅಪ್ಪನಿಗೆ 64, ಬಿಪಿ ಮಾತ್ರೆ ತಗೋತಾರೆ. ಚಿಕ್ಕಂದಿನಿಂದ ಕೆಆರ್‌ಎಸ್ ಹಿನ್ನೀರಿನಲ್ಲಿ ಗಾಳ ಹಾಕಿದವರು. ಸಮುದ್ರದ ದೊಡ್ಡ ಮೀನು ಒಂದು ಸಲ ಎಳೀಬೇಕು ಅನ್ನೋದು ಅವರ ಆಸೆ. ಮೊಬೈಲ್‌ನಲ್ಲಿ ಒಂದು ಜಾಹೀರಾತು ನೋಡಿದೆ. ಪ್ರೈವೇಟ್ ಡೀಪ್ ಸೀ ಫಿಶಿಂಗ್, ಎಂಟು ಗಂಟೆ, ಇಡೀ ಬೋಟ್ ನಿಮ್ಮದೇ, ಮೀನು ಗ್ಯಾರಂಟಿ, ₹12,000 ಅಂತ ಇದೆ. ಪೂರ್ತಿ ಹಣ ಈಗಲೇ ಹಾಕಬೇಕಂತೆ. ಬುಕ್ ಮಾಡಬಹುದಾ? ಮಗಳನ್ನು ಕರೆದುಕೊಂಡು ಹೋಗಬಹುದಾ? ಹಿಡಿದ ಮೀನು ನಮಗೇ ಸಿಗುತ್ತಾ?

ಉತ್ತರ: ನಿಮ್ಮ ತಂದೆಯವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಗಾಳ ಕಲಿತದ್ದೂ ಅದೇ ಹಿನ್ನೀರಿನಲ್ಲಿ. ಆದರೆ ಆ ಜಾಹೀರಾತಿಗೆ ಹಣ ಹಾಕಬೇಡಿ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ಅವರು ಯಾರು ಅಂತಲೇ ನನಗೆ ಗೊತ್ತಿಲ್ಲ. ಲೆಕ್ಕ ಕೂಡಿ ಬರುತ್ತಿಲ್ಲ, ಅಷ್ಟೆ.

ಲೆಕ್ಕ ಹೀಗೆ. ಆಳ ಸಮುದ್ರಕ್ಕೆ ಹೋಗುವ ಸ್ಪೀಡ್ ಬೋಟಿಗೆ ಸಾಮಾನ್ಯವಾಗಿ ಹಿಂದೆ ಎರಡು ಔಟ್‌ಬೋರ್ಡ್ ಇಂಜಿನ್ ಇರುತ್ತವೆ. ಒಂದೊಂದು 150 ಎಚ್‌ಪಿ ಅಂತ ಇಟ್ಟುಕೊಳ್ಳಿ. ಹದವಾದ ವೇಗದಲ್ಲಿ ಓಡಿಸಿದರೂ ಒಂದು ಇಂಜಿನ್ ಗಂಟೆಗೆ ಸುಮಾರು 25 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಎರಡಕ್ಕೆ 50. ಹೋಗುವುದು ಬರುವುದು ಸೇರಿ ಮೂರು ಗಂಟೆ ಓಡಿದರೆ 150 ಲೀಟರ್. ಮೀನು ಹುಡುಕುತ್ತಾ ನಿಧಾನಕ್ಕೆ ತಿರುಗುವಾಗ ಇನ್ನೊಂದು 60, 70 ಲೀಟರ್. ಲೆಕ್ಕ ಸುಲಭವಾಗಲಿ ಅಂತ ಲೀಟರಿಗೆ ನೂರು ರೂಪಾಯಿ ಹಿಡಿಯಿರಿ. ಬರೀ ಪೆಟ್ರೋಲಿಗೇ ಇಪ್ಪತ್ತು ಸಾವಿರ ದಾಟಿತು. ಇದರ ಮೇಲೆ ಕ್ಯಾಪ್ಟನ್, ಒಬ್ಬಿಬ್ಬರು ಹುಡುಗರು, ಐಸು, ಊಟ, ರಾಡು, ರೀಲು. ಹನ್ನೆರಡು ಸಾವಿರಕ್ಕೆ ಇದೆಲ್ಲ ಹೇಗೆ ಕೊಡುತ್ತಾರೆ? ಕೊಡುವುದಿಲ್ಲ. ಒಂದೋ ಬೋಟ್ ಚಿಕ್ಕದು, ದಡದ ಹತ್ತಿರವೇ ಸುತ್ತಿಸುತ್ತಾರೆ. ಇಲ್ಲಾ ಎಂಟು ಗಂಟೆ ಅನ್ನೋದು ಮೂರು ಗಂಟೆ ಆಗುತ್ತದೆ. ಅಥವಾ ಅಲ್ಲಿಗೆ ಹೋದ ಮೇಲೆ ‘ಪೆಟ್ರೋಲ್ ರೇಟ್ ಜಾಸ್ತಿ ಆಗಿದೆ ಸಾರ್’ ಅಂತ ಶುರು ಮಾಡುತ್ತಾರೆ.

ಇಂಥ ಮೋಸ ನನಗೇ ಆಗಿದೆ. ಮೊದಲ ಸಲ ಹೋದಾಗ ಹೋಟೆಲಿನ ಕೌಂಟರ್ ಪಕ್ಕ ಕೂತಿದ್ದ ಒಬ್ಬ ಏಜೆಂಟ್ ಕೈಗೆ ಪೂರ್ತಿ ದುಡ್ಡು ಕೊಟ್ಟೆ. ಬೆಳಿಗ್ಗೆ ಜೆಟ್ಟಿಗೆ ಹೋದರೆ ‘ಪ್ರೈವೇಟ್’ ಬೋಟಿನಲ್ಲಿ ಆಗಲೇ ನಾಲ್ಕು ಜನ ಕೂತಿದ್ದರು. ಇಂಜಿನ್ ಒಂದೇ. ನೆರಳಿಗೆ ಒಂದು ನೀಲಿ ಟಾರ್ಪಾಲು. ರೀಲಿನ ಹಿಡಿಕೆ ತುಕ್ಕು ಹಿಡಿದು ತಿರುಗಿಸಿದರೆ ಹಳೇ ಬಾವಿಯ ರಾಟೆ ಥರ ಕಿರ್ರ್ ಅನ್ನುತ್ತಿತ್ತು. ಎಂಟು ಗಂಟೆಯಲ್ಲಿ ನನ್ನ ಗಾಳ ನೀರಿನಲ್ಲಿ ಇದ್ದದ್ದು ಎರಡೂವರೆ ಗಂಟೆ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಬೇರೆ ಕೆಲಸ ಇರಲಿಲ್ಲ.

ಅಲ್ಲಿಂದ ನಾನು ಕಲಿತದ್ದು ಒಂದೇ ಪ್ರಶ್ನೆ: ‘ಗಾಳ ನೀರಲ್ಲಿ ಎಷ್ಟು ಹೊತ್ತು ಇರುತ್ತೆ?’ ಬೋಟ್ ಎಷ್ಟು ಗಂಟೆ ಅಂತ ಕೇಳಬೇಡಿ. ಎಂಟು ಗಂಟೆ ಅಂದರೆ ಜೆಟ್ಟಿ ಬಿಟ್ಟು ಜೆಟ್ಟಿಗೆ ಬರುವ ತನಕ. ಮೀನಿನ ಜಾಗ 20 ನಾಟಿಕಲ್ ಮೈಲು ಇದ್ದರೆ ಅದು 37 ಕಿಲೋಮೀಟರ್. ಬೋಟು 15 ನಾಟ್ ವೇಗದಲ್ಲಿ ಹೋದರೆ ಗಂಟೆಗೆ 28 ಕಿಲೋಮೀಟರ್. ಅಂದರೆ ಹೋಗಲು ಒಂದೂ ಕಾಲು ಗಂಟೆಗೆ ಮೇಲೆ, ಬರಲೂ ಅಷ್ಟೇ. ಊಟ, ಗಾಳ ಕಟ್ಟೋದು, ಯಾರಿಗಾದರೂ ವಾಂತಿ, ಎಲ್ಲ ಕಳೆದರೆ ಉಳಿಯೋದು ನಾಲ್ಕೂವರೆ ಗಂಟೆ. ಇದನ್ನು ಮೊದಲೇ ಬಾಯಿಬಿಟ್ಟು ಹೇಳುವ ಕ್ಯಾಪ್ಟನ್ ಸಿಕ್ಕರೆ ಬಿಡಬೇಡಿ. ‘ಮೀನು ಗ್ಯಾರಂಟಿ’ ಅನ್ನುವವನನ್ನು ಬಿಟ್ಟುಬಿಡಿ. ನಿಮ್ಮ ತಂದೆಯವರನ್ನೇ ಕೇಳಿ, ಐವತ್ತು ವರ್ಷ ಗಾಳ ಹಾಕಿದವರು ಯಾವತ್ತಾದರೂ ಮೀನಿಗೆ ಗ್ಯಾರಂಟಿ ಕೊಟ್ಟಿದ್ದಾರಾ ಅಂತ.

ಅಂಡಮಾನ್ ಆರಿಸಿದ್ದು ಒಳ್ಳೆಯದೇ ಆಯಿತು. ಮಂಗಳೂರು, ಮಲ್ಪೆ ಕಡೆ ಹತ್ತಾರು ಕಿಲೋಮೀಟರ್ ಹೋದರೂ ಸಮುದ್ರದ ತಳ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅಂಡಮಾನಿನಲ್ಲಿ ಹಾಗಲ್ಲ. ದ್ವೀಪಗಳೇ ಕಡಲೊಳಗಿನ ಬೆಟ್ಟದ ತುದಿಗಳು. ಎಷ್ಟೋ ಕಡೆ ಹವಳದ ದಿಬ್ಬ ದಾಟಿದ ಕೂಡಲೇ ತಳ ಇಳಿಜಾರಾಗಿ ಇಳಿದುಬಿಡುತ್ತದೆ. ದೊಡ್ಡ ಮೀನುಗಳು ಆ ಅಂಚಿನಲ್ಲೇ ಕಾಯುತ್ತವೆ. ಜೈಂಟ್ ಟ್ರೆವಲಿ, ಡಾಗ್‌ಟೂತ್ ಟ್ಯೂನಾ, ವಾಹೂ, ಬರಾಕುಡಾ, ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಇರುವ ಸೈಲ್‌ಫಿಶ್. ಜೈಂಟ್ ಟ್ರೆವಲಿಯನ್ನು ಅಲ್ಲಿ ಎಲ್ಲರೂ ‘ಜಿಟಿ’ ಅಂತಾರೆ. ನಿಮ್ಮ ತಂದೆಯವರಿಗೆ ಬೇಕಾಗಿರುವ ಮೀನು ಅದೇ ಅಂತ ನನ್ನ ಅಂದಾಜು. ಅದು ಗಾಳ ಕಚ್ಚಿದಾಗ ಕೈಗೆ ಬರುವ ಎಳೆತ ಕಾಟ್ಲಾದ ಎಳೆತ ಅಲ್ಲ. ಬೆದರಿದ ಹೋರಿಯ ಹಗ್ಗ ಕೈಯಲ್ಲಿ ಸಿಕ್ಕಂತೆ ಇರುತ್ತದೆ. ರೀಲ್ ಕಿರುಚುತ್ತದೆ, ದಾರ ನೂರು ಮೀಟರ್ ಹೋಗುತ್ತದೆ, ನೀವು ಬೋಟಿನ ಅಂಚಿಗೆ ಮೊಣಕಾಲು ಒತ್ತಿ ನಿಂತಿರುತ್ತೀರಿ. ಅದು ಸೀದಾ ಹವಳದ ಬಂಡೆಯ ಕಡೆಗೇ ಓಡುತ್ತದೆ. ದಾರ ಬಂಡೆಗೆ ಉಜ್ಜಿತೋ, ಪಟ್. ಕೈ ಹಗುರ.

ಇಲ್ಲಿ ನಿಮ್ಮ ತಂದೆಯವರಿಗೆ ಒಂದು ಮಾತು. ನಮ್ಮ ಕಡೆಯ ಹಳಬರಿಗೆ ದಾರವನ್ನು ಬೆರಳಲ್ಲಿ ಹಿಡಿದು ಮೀನಿನ ನಾಡಿ ನೋಡುವ ಅಭ್ಯಾಸ. ಸಮುದ್ರದಲ್ಲಿ ಬಳಸುವುದು ಹೆಣೆದ ದಾರ. ನೋಡಲು ತೆಳ್ಳಗಿರುತ್ತದೆ, ಓಡುವಾಗ ಚಾಕು. ನಮ್ಮ ಗುಂಪಿನ ಹಿರಿಯರೊಬ್ಬರು, ಶ್ರೀರಂಗಪಟ್ಟಣದವರು, ಅಭ್ಯಾಸಬಲದಿಂದ ಎರಡು ಬೆರಳು ಅಡ್ಡ ಇಟ್ಟರು. ಮೂಳೆ ಕಾಣಲಿಲ್ಲ ಅನ್ನೋದೇ ಪುಣ್ಯ. ಗ್ಲೌಸ್ ಹಾಕಿಸಿ. ರೀಲಿನಲ್ಲಿ ಡ್ರ್ಯಾಗ್ ಅಂತ ಒಂದು ಬಿಗಿ ಇರುತ್ತದೆ. ಮೀನು ಜೋರಾಗಿ ಎಳೆದಾಗ ದಾರವನ್ನು ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದೇ ಅದರ ಕೆಲಸ. ದಾರ ತುಂಡಾಗುವ ತೂಕದ ಮೂರನೇ ಒಂದು ಭಾಗಕ್ಕೆ ಅದನ್ನು ಕೂರಿಸುವುದು ರೂಢಿ. ಅದನ್ನು ಹುಡುಗರು ನೋಡಿಕೊಳ್ಳುತ್ತಾರೆ. ನಡುವೆ ಉತ್ಸಾಹಕ್ಕೆ ಬಿಗಿ ಮಾಡದಿದ್ದರೆ ಸಾಕು.

ಇನ್ನೊಂದು, ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಅಲ್ಲಿ ನಡೆಯುವುದಿಲ್ಲ. ಕಾವೇರಿಯ ಮಹಶೀರ್ ರಾಗಿ ಉಂಡೆಗೆ ಬೀಳಬಹುದು, ಜಿಟಿ ಬೀಳುವುದಿಲ್ಲ. ಅದಕ್ಕೆ ಪಾಪಿಂಗ್ ಅಂತ ಮಾಡುತ್ತಾರೆ. ಪಾಪರ್ ಅನ್ನುವ ನೂರು, ನೂರೈವತ್ತು ಗ್ರಾಂ ತೂಕದ ಆಟಿಕೆ ಮೀನನ್ನು ದೂರ ಎಸೆದು, ನೀರಿನ ಮೇಲೆ ಗಬಕ್ ಗಬಕ್ ಅಂತ ಸದ್ದು ಬರುವ ಹಾಗೆ ಎಳೆಯೋದು. ದಿನಕ್ಕೆ ನೂರು ಸಲ ಎಸೆಯಬೇಕು. 64 ವರ್ಷದವರ ಭುಜಕ್ಕೆ ಇದು ಸುಲಭ ಅಲ್ಲ. ಅರ್ಧ ಗಂಟೆ ಪಾಪಿಂಗ್ ಮಾಡಲಿ, ಆಸೆ ತೀರಲಿ. ಉಳಿದ ಹೊತ್ತು ಟ್ರೋಲಿಂಗ್ ಮತ್ತು ತಳದ ಗಾಳ ಕೇಳಿ. ಟ್ರೋಲಿಂಗ್ ಅಂದರೆ ಬೋಟನ್ನು ಆರೇಳು ನಾಟ್‌ನಲ್ಲಿ ಓಡಿಸುತ್ತಾ ಹಿಂದೆ ಗಾಳ ಎಳೆದುಕೊಂಡು ಹೋಗುವುದು. ತಳದ ಗಾಳ ಅಂದರೆ ಮೀನಿನ ತುಂಡು ಸಿಕ್ಕಿಸಿ ಕೆಳಗೆ ಬಿಟ್ಟು ಕಾಯೋದು. ಅದು ಥೇಟ್ ನಮ್ಮ ಹಿನ್ನೀರಿನ ಆಟವೇ. ಮಗಳಿಗೂ ಅದರಲ್ಲೇ ಮೀನು ಸಿಗುವುದು.

ಬುಕ್ ಮಾಡುವ ವಿಷಯಕ್ಕೆ ಬರುತ್ತೇನೆ. ಹುಡುಕುವಾಗ ‘ಗೇಮ್ ಫಿಶಿಂಗ್’ ಅಂತ ಹುಡುಕಿ, ಅಂದರೆ ದೊಡ್ಡ ಮೀನನ್ನು ಆಟಕ್ಕೆಂದೇ ಹಿಡಿಯೋದು. ಬರೀ ‘ಫಿಶಿಂಗ್ ಟ್ರಿಪ್’ ಅಂತ ಹುಡುಕಿದರೆ ಸಂಜೆ ಸುತ್ತಾಟದ ಬೋಟುಗಳೇ ಜಾಸ್ತಿ ಬರುತ್ತವೆ. ಎರಡು ಮೂರು ಕಡೆ ಆರಿಸಿ, ಏಜೆಂಟ್ ಬಿಟ್ಟು ಕ್ಯಾಪ್ಟನ್ ಹತ್ತಿರವೇ ಒಂದು ಸಲ ಫೋನಿನಲ್ಲಿ ಮಾತಾಡಿ. ಹಿಂದಿಯಲ್ಲಿ ಹತ್ತು ನಿಮಿಷ ಸಾಕು. ಬೋಟಿನ ಫೋಟೋ ಕೇಳಿ. ಈಗ ತೆಗೆದದ್ದು, ಹಿಂಭಾಗದಿಂದ ಇಂಜಿನ್ ಕಾಣುವ ಹಾಗೆ. ಬೋಟಿನ ನೋಂದಣಿ, ಪ್ರಯಾಣಿಕರನ್ನು ಕರೆದೊಯ್ಯುವ ಪರವಾನಗಿ, ಎಷ್ಟು ಜನಕ್ಕೆ ಅನುಮತಿ, ವಿಮೆ, ಇವುಗಳ ಪ್ರತಿ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಮೀನು ಹಿಡಿಯಲು ನಿಮ್ಮ ಹೆಸರಲ್ಲಿ ಏನಾದರೂ ಅನುಮತಿ ಬೇಕಾದರೆ ಮಾಡಿಸಿಕೊಡುವುದು ಅವರದೇ ಕೆಲಸ ಅಂತಲೂ ಬರೆಸಿಕೊಳ್ಳಿ. ಕಾಗದ ಸರಿಯಿದ್ದವರು ಐದು ನಿಮಿಷದಲ್ಲಿ ಕಳಿಸುತ್ತಾರೆ. ‘ಎಲ್ಲ ಇದೆ ಸಾರ್, ಬನ್ನಿ ನೋಡೋಣ’ ಅನ್ನುವವರ ಹತ್ತಿರ ಇರುವುದಿಲ್ಲ.

ಹಣದ ವಿಷಯದಲ್ಲಿ ನನ್ನ ಕಟ್ಟುನಿಟ್ಟು ಇಷ್ಟೇ. ಮುಂಗಡ ಕಾಲು ಭಾಗ, ತಪ್ಪಿದರೆ ಮೂರನೇ ಒಂದು. ಉಳಿದದ್ದು ಜೆಟ್ಟಿಯಲ್ಲಿ ಬೋಟ್ ಕಣ್ಣಾರೆ ನೋಡಿದ ಮೇಲೆ. ಮುಂಗಡ ಹೋಗಬೇಕಾದದ್ದು ಕಂಪನಿ ಖಾತೆಗೆ, ಯಾರದೋ ಖಾಸಗಿ ಮೊಬೈಲ್ ನಂಬರಿಗಲ್ಲ. ಪೆಟ್ರೋಲ್ ಸೇರಿದೆಯಾ, ಊಟ ಸೇರಿದೆಯಾ, ಗಾಳ ಬಂಡೆಗೆ ಸಿಕ್ಕಿ ಕಳೆದುಹೋದರೆ ದುಡ್ಡು ಯಾರು ಕೊಡಬೇಕು? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಒಂದು ಒಳ್ಳೆ ಪಾಪರ್ ಸಾವಿರ ರೂಪಾಯಿ ದಾಟುತ್ತದೆ. ದಿನಕ್ಕೆ ಮೂರು ಕಳೆದರೆ ಸಂಜೆ ಜಗಳ.

ಹವಾಮಾನದ ಮಾತು ಅದಕ್ಕಿಂತ ಮುಖ್ಯ. ಜನವರಿಯಿಂದ ಏಪ್ರಿಲ್ ಶುರುವಿನವರೆಗೆ ಅಲ್ಲಿ ಕಡಲು ಸಾಮಾನ್ಯವಾಗಿ ಶಾಂತ. ನವೆಂಬರ್, ಡಿಸೆಂಬರ್‌ನಲ್ಲಿ ಚಂಡಮಾರುತದ ಕಾಟ ಇರುತ್ತದೆ. ಬೇಸಿಗೆ ರಜೆಗೆ ಹೋಗೋಣ ಅನ್ನುವವರೂ ಇದನ್ನು ಓದುತ್ತಿದ್ದರೆ, ಪೂರ್ವ ಕರಾವಳಿ ಮತ್ತು ಅಂಡಮಾನಿನಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ನಿಮಗೆ ಆ ತೊಂದರೆ ಇಲ್ಲ. ಆದರೆ ಜನವರಿಯಲ್ಲೂ ಒಂದು ದಿನ ಗಾಳಿ ಎದ್ದರೆ ಬೋಟ್ ಬಿಡುವುದಿಲ್ಲ. ಆಗ ಹಣ ವಾಪಸ್ಸಾ, ದಿನ ಬದಲಾವಣೆಯಾ, ಇದನ್ನು ಬರಹದಲ್ಲಿ ತಗೊಳ್ಳಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಅಲೆಯ ಮುನ್ಸೂಚನೆ ಕೊಡುತ್ತದೆ, ಯಾರು ಬೇಕಾದರೂ ನೋಡಬಹುದು. ಅಲೆ ಒಂದು ಮೀಟರ್ ಒಳಗಿದ್ದರೆ ಹೊಸಬರಿಗೆ ಆರಾಮು. ಒಂದೂವರೆ ದಾಟಿದರೆ ನಾನಂತೂ ಮಕ್ಕಳನ್ನು ಹತ್ತಿಸುವುದಿಲ್ಲ.

ಇದೇ ಕಾರಣಕ್ಕೆ ಮೀನಿನ ದಿನವನ್ನು ಪ್ರವಾಸದ ಕೊನೆಗೆ ಇಡಬೇಡಿ. ತಲುಪಿದ ಎರಡನೇ ಅಥವಾ ಮೂರನೇ ದಿನ ಇಟ್ಟು, ಮುಂದೆ ಒಂದು ದಿನ ಖಾಲಿ ಬಿಡಿ. ಇವತ್ತು ಕೆಟ್ಟರೆ ನಾಳೆ ಉಂಟು. ನಮ್ಮವರು ಕೊನೆಯ ದಿನಕ್ಕೆ ಇಟ್ಟುಕೊಂಡು, ಗಾಳಿ ಬಂದು, ವಿಮಾನದ ಟೈಮ್ ಆಗಿ, ಮುಂಗಡವೂ ಹೋಗಿ, ಮೀನೂ ಇಲ್ಲದೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಮುಳುಗಿರುತ್ತಾನೆ. ಬೆಳಿಗ್ಗೆ ಐದಕ್ಕೆ ಜೆಟ್ಟಿಯಲ್ಲಿರಬೇಕು ಅಂದರೆ ಗೊಣಗಬೇಡಿ.

ಸುರಕ್ಷತೆ. ಲೈಫ್ ಜಾಕೆಟ್ ಐದು ಇದೆ ಅಂದರೆ ಸಾಲದು, ಒಂಬತ್ತು ವರ್ಷದ ಮಗುವಿನ ಅಳತೆಯದು ಇದೆಯಾ ಅಂತ ಕೇಳಿ. ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ, ಮಗು ಕೆಳಗೆ. ವಿಎಚ್‌ಎಫ್ ರೇಡಿಯೋ ಇರಲೇಬೇಕು. ಅದರ 16ನೇ ಚಾನೆಲ್ ಅಪಾಯದ ಕರೆಗೆ. ದಡದಿಂದ ದೂರ ಹೋದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ವಿದೇಶದಲ್ಲಿರುವ ನೆಂಟರು ಸ್ಯಾಟಲೈಟ್ ಫೋನ್ ಕೊಡ್ತೀವಿ ಅಂದರೆ ಬೇಡ ಅನ್ನಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ.

ಮಗಳನ್ನು ಕರೆದೊಯ್ಯಬಹುದಾ ಅಂದಿರಿ. ಎಂಟು ಗಂಟೆಗೆ ಬೇಡ. ನನ್ನ ಸಲಹೆ ಕೇಳುವುದಾದರೆ ಎಲ್ಲರಿಗೂ ಎಂಟು ಗಂಟೆ ಬೇಡ. ನಾಲ್ಕು ಗಂಟೆಯ ಬೋಟ್ ತಗೊಳ್ಳಿ, ಹತ್ತಿರದ ದಿಬ್ಬಕ್ಕೆ, ಐದೂ ಜನ. ಅಥವಾ ನಿಮ್ಮ ತಂದೆ ಮತ್ತು ಬಾಮೈದ ಇಬ್ಬರೇ ಆರು ಗಂಟೆಗೆ ಹೋಗಲಿ, ನೀವು ಮೂವರು ಬೀಚಿನಲ್ಲಿ ಇರಿ. ಒಬ್ಬರಿಗೆ ವಾಂತಿ ಶುರುವಾದರೆ ಇಡೀ ಬೋಟು ವಾಪಸ್ ಬರಬೇಕಾಗುತ್ತದೆ. ಹಣ ವಾಪಸ್ ಬರುವುದಿಲ್ಲ.

ವಾಂತಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಬಸ್ಸಿನಲ್ಲಿ ವಾಂತಿ ಆಗದವರಿಗೂ ಬೋಟಿನಲ್ಲಿ ಆಗುತ್ತದೆ. ಓಡುವಾಗ ಅಲ್ಲ, ಬೋಟ್ ನಿಂತು ತೊಟ್ಟಿಲಿನಂತೆ ತೂಗುವಾಗ. ಕಣ್ಣು ಬೋಟ್ ನಿಂತಿದೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ತೂಗುತ್ತಿದೆ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಮಾತ್ರೆ ತಗೊಳ್ಳುವುದಾದರೆ ಹೊರಡುವುದಕ್ಕೆ ಮುಂಚೆಯೇ ತಗೋಬೇಕು. ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಆದರೆ ನಿಮ್ಮ ತಂದೆಯವರು ಅಂಗಡಿಯಿಂದ ಸುಮ್ನೆ ತಂದು ನುಂಗುವುದು ಬೇಡ. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಕೆಲವು ಆಗುವುದಿಲ್ಲ. ಬಿಪಿ ಮಾತ್ರೆಯ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರನ್ನು ಕೇಳಿ. ಮೊಣಕಾಲು ಒತ್ತಿ ನಿಂತು ಇಪ್ಪತ್ತು ನಿಮಿಷ ಮೀನಿನ ಜೊತೆ ಹೆಣಗಾಡುವುದು ಅವರಿಗೆ ಆಗುತ್ತಾ ಅಂತಲೂ ಅದೇ ಸಲ ಕೇಳಿಬಿಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯೂ ಬೇಡ. ಮನೆಯಿಂದ ತಂದ ಮದ್ದೂರು ವಡೆ ದಡಕ್ಕೆ ಬಂದ ಮೇಲೆ. ಬೋಟಿನ ಹಿಂಭಾಗದ ನಡುವೆ ಕೂತು ದೂರದ ದಿಗಂತ ನೋಡಿ, ಮೊಬೈಲ್ ಅಲ್ಲ. ಅಂದ ಹಾಗೆ ಬಾಳೆಹಣ್ಣು ಒಯ್ಯುವ ಮುಂಚೆ ಕ್ಯಾಪ್ಟನ್ನನ್ನು ಕೇಳಿ. ಮೀನಿನ ಬೋಟಿಗೆ ಬಾಳೆಹಣ್ಣು ಅಪಶಕುನ ಅನ್ನೋ ನಂಬಿಕೆ ಹೊರದೇಶದ ಗಾಳದವರಲ್ಲಿ ಇದೆ. ಅವರ ಜೊತೆ ಕೆಲಸ ಮಾಡಿದವರಿಗೂ ಕೆಲವು ಸಲ ಅಂಟಿರುತ್ತದೆ. ನಂಜನಗೂಡು ರಸಬಾಳೆಯನ್ನು ಅಪಶಕುನ ಅನ್ನುವವರಿಗೆ ಏನು ಹೇಳೋದು ಹೇಳಿ.

ಇನ್ನು ಹಿಡಿದ ಮೀನು ಯಾರದು? ಇದು ಊರಿಂದೂರಿಗೆ, ಬೋಟಿಂದ ಬೋಟಿಗೆ ಬೇರೆ. ಕೆಲವು ಕಡೆ ಮೀನು ಬೋಟಿನವರದು. ಕೆಲವು ಕಡೆ ಊಟಕ್ಕಾಗುವಷ್ಟು ನಿಮಗೆ. ಗೇಮ್ ಫಿಶಿಂಗ್ ಬೋಟುಗಳಲ್ಲಿ ಜಿಟಿ ಹಿಡಿದರೆ ಫೋಟೋ ತೆಗೆದು ನೀರಿಗೆ ಬಿಡುವುದು ರೂಢಿ. ‘ಹಿಡಿದು ಬಿಡೋದಾದ್ರೆ ಯಾಕೆ ಹಿಡೀಬೇಕು’ ಅಂತ ನಿಮ್ಮ ತಂದೆ ಕೇಳಿಯೇ ಕೇಳುತ್ತಾರೆ. ಅವರಿಗೆ ಭೀಮೇಶ್ವರಿ ನೆನಪು ಮಾಡಿ. ನಿಮ್ಮ ಮಳವಳ್ಳಿ ತಾಲೂಕಿನಲ್ಲೇ ವರ್ಷಗಟ್ಟಲೆ ಮಹಶೀರ್ ಹಿಡಿದು, ತೂಗಿ, ವಾಪಸ್ ಬಿಡುತ್ತಿದ್ದರು. ಕಾವೇರಿಯ ಆ ಗೂನು ಬೆನ್ನಿನ ಮಹಶೀರ್ ಇವತ್ತು ಅಳಿವಿನ ಅಂಚಿಗೆ ಬಂದಿದೆ. ದೊಡ್ಡ ಮೀನು ಅಂದರೆ ಮೊಟ್ಟೆ ಇಡುವ ಮೀನು, ಅದು ಹೋದರೆ ಸಂತತಿ ಹೋಯಿತು.

ತಿನ್ನುವ ಆಸೆಗೆ ಟ್ರೋಲಿಂಗ್‌ನಲ್ಲಿ ಸಿಗುವ ಚಿಕ್ಕ ಟ್ಯೂನಾ, ತಳದಲ್ಲಿ ಸಿಗುವ ಕೆಂಪು ಮೀನು ಸಾಕು. ಹಿಡಿದ ಕೂಡಲೇ ಐಸಿನಲ್ಲಿ ಇಡುತ್ತಾರಾ ನೋಡಿ. ಟ್ಯೂನಾ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದರೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಕೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗೆಯೇ ಹವಳದ ಜಾಗದ ದೊಡ್ಡ ಬರಾಕುಡಾ ತಿನ್ನಬೇಡಿ. ಅಂಥ ಮೀನಿನಲ್ಲಿ ಸಿಗ್ವಾಟೆರಾ ಅನ್ನುವ ವಿಷ ಕೂಡಿಕೊಂಡಿರಬಹುದು, ಅದೂ ಬೇಯಿಸಿದರೆ ಹೋಗದು. ಮೀನನ್ನು ನಿಮ್ಮ ಹೋಟೆಲಿನ ಅಡುಗೆಮನೆಗೆ ಕೊಟ್ಟರೆ ಎಷ್ಟೋ ಕಡೆ ಕೂಲಿ ತಗೊಂಡು ಮಾಡಿಕೊಡುತ್ತಾರೆ. ಮೊದಲೇ ಕೇಳಿಡಿ. ಮಂಡ್ಯಕ್ಕೆ ತರುವ ಯೋಚನೆ ಬಿಡಿ.

ಎಲ್ಲಿ ಹಿಡಿಯುತ್ತಾರೆ ಅನ್ನುವುದೂ ನಿಮ್ಮ ಜವಾಬ್ದಾರಿಯೇ. ವಂಡೂರಿನ ಮಹಾತ್ಮ ಗಾಂಧಿ ಮರೈನ್ ನ್ಯಾಷನಲ್ ಪಾರ್ಕ್ ಒಳಗೆ ಮೀನು ಹಿಡಿಯುವ ಹಾಗಿಲ್ಲ. ಸ್ವರಾಜ್ ದ್ವೀಪದ (ಹಳೇ ಹೆಸರು ಹ್ಯಾವ್‌ಲಾಕ್) ಕಡೆಯ ರಾಣಿ ಝಾನ್ಸಿ ಪಾರ್ಕಿಗೂ ಅದೇ ಮಾತು. ಆದಿವಾಸಿಗಳಿರುವ ಉತ್ತರ ಸೆಂಟಿನೆಲ್ ದ್ವೀಪ, ಜಾರವಾ ಮೀಸಲು ಪ್ರದೇಶದ ಹತ್ತಿರವಂತೂ ಸುಳಿಯಲೇಬಾರದು. ‘ಅಲ್ಲಿ ಒಳ್ಳೆ ಮೀನು ಸಾರ್, ಯಾರೂ ನೋಡಲ್ಲ’ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಬೋಟ್ ತಿರುಗಿಸಲು ಹೇಳಿ. ಮಗಳು ದಡದಲ್ಲಿ ಹವಳದ ತುಂಡು ಆರಿಸಿಕೊಂಡರೆ ಅಲ್ಲೇ ಬಿಡಿಸಿ, ಸತ್ತ ಹವಳವನ್ನೂ ತರುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುತ್ತಾರೆ.

ಬಟ್ಟೆಗೆ ತುಂಬು ತೋಳು, ದಾರ ಕಟ್ಟಿದ ಟೋಪಿ, ಮೆತ್ತನೆ ಅಡಿಯ ಚಪ್ಪಲಿ. ಹುಡುಗರಿಗೆ ಟಿಪ್ಸ್ ಕೊಡುವುದಾದರೆ ಅವರ ಕೈಗೇ ಕೊಡಿ, ಆಫೀಸಿನಲ್ಲಿ ಕೊಟ್ಟರೆ ತಲುಪುವುದು ಅನುಮಾನ.

ತಂದೆಯವರು ತಮ್ಮ ಹಳೇ ರಾಡ್ ತರ್ತೀನಿ ಅಂತ ಹಟ ಮಾಡಬಹುದು. ನನ್ನ ಅಪ್ಪನೂ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದ ರಾಡ್ ಬಿಟ್ಟು ಬರುತ್ತಿರಲಿಲ್ಲ. ತರಲಿ, ಬೇಡ ಅನ್ನಬೇಡಿ. ದೊಡ್ಡ ಮೀನಿಗೆ ಅದು ತಡೆಯುವುದಿಲ್ಲ, ಸಂಜೆ ಅನುಮತಿ ಇರುವ ದಡದಲ್ಲಿ ಹಾಕಿಕೊಳ್ಳಲಿ. ಉದ್ದದ ಸಾಮಾನು ಹೇಗೆ ಕಟ್ಟಬೇಕು, ಎಷ್ಟು ಹಣ ಅಂತ ವಿಮಾನದವರನ್ನು ಮೊದಲೇ ಕೇಳಿ. ಕೊಕ್ಕೆ, ಚಾಕು, ಇಕ್ಕಳ ಎಲ್ಲ ಚೆಕ್‌-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ಕೈಚೀಲಕ್ಕೆ. ಜೇಬುಗಳನ್ನೂ ಒಂದು ಸಲ ತಡವಿ ನೋಡಿ. ಗಾಳ ಹಾಕುವವರ ಅಂಗಿ ಜೇಬಿನಲ್ಲಿ ಒಂದಾದರೂ ಕೊಕ್ಕೆ ಇದ್ದೇ ಇರುತ್ತದೆ.